ನಾಬ್ ತಿರುಗಿಸುವ ಮುಂಚೆ

ಮೋಟರ್ ಪ್ಯಾನೆಲ್‌ಗಳ ಮುಂದೆ ಕೂದಲು ನೆರೆಸಿಕೊಂಡವನು ನಾನು. ‘ಅರ್ತ್ ಫಾಲ್ಟ್ ರಿಲೇನ ಎಷ್ಟಕ್ಕಿಡಲಿ ಸಾರ್?’ ಎಂದು ಕೇಳುವ ಹುಡುಗರಿಗೆ ನನ್ನದು ಒಂದೇ ಮಾತು: ರಿಲೇ ಆಮೇಲೆ, ಮೊದಲು ಕೇಬಲ್ ಬಂದ ದಾರಿ ನೋಡಿ ಬಾ.

• ಮೂರು ಫೇಸಿನ ಮೂರು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂಡಿಸಿ ರಿಲೇಗೆ ಕೊಟ್ಟಿದ್ದರೆ ತೀರಾ ಸೂಕ್ಷ್ಮಕ್ಕೆ ಇಳಿಯಬೇಡಿ. 415 ವೋಲ್ಟಿನ 37 ಕಿಲೋವ್ಯಾಟ್ ಮೋಟರ್ ಎಳೆಯುವುದು ಸುಮಾರು 66 ಆಂಪಿಯರ್. ಸ್ಟಾರ್ಟ್ ಆಗುವಾಗ ಅದರ ಆರು ಪಟ್ಟು. ಆ ಹೊಡೆತಕ್ಕೆ ಮೂರು ಸಿಟಿಗಳೂ ಒಂದೇ ಲೆಕ್ಕ ಒಪ್ಪಿಸುವುದಿಲ್ಲ, ಇಲ್ಲದ ಫಾಲ್ಟ್ ರಿಲೇಗೆ ಕಾಣುತ್ತದೆ. 100 ಆಂಪಿಯರ್ ಸಿಟಿಗೆ ಶೇ. 20, ಅಂದರೆ 20 ಆಂಪಿಯರ್, ವಾಡಿಕೆ. ಮೂರೂ ಕೋರ್ ಒಂದೇ ಬಳೆಯಲ್ಲಿ ಹಾಯುವ ಕೋರ್ ಬ್ಯಾಲೆನ್ಸ್ ಸಿಟಿ ಇದ್ದರೆ ಅದೇ ಮೋಟರಿಗೆ ಅರ್ಧ ಆಂಪಿಯರ್ ಸಾಕು.

• ಆ ಬಳೆಯಲ್ಲಿ ಆರ್ಮರ್ ಕೂಡ ಹಾದಿದೆಯೇ? ಒಂದು ಕಾರ್ಖಾನೆಯಲ್ಲಿ ಟರ್ಮಿನಲ್ ಬಾಕ್ಸೇ ಸುಟ್ಟರೂ ರಿಲೇ ಕಮಕ್ ಕಿಮಕ್ ಅನ್ನಲಿಲ್ಲ. ಸೆಟ್ಟಿಂಗ್ ಸರಿಯಾಗಿಯೇ ಇತ್ತು. ಕೋರಿನಲ್ಲಿ ಹೋದ ಕರೆಂಟ್ ಆರ್ಮರಿನಲ್ಲಿ ವಾಪಸ್ ಬರುತ್ತಿತ್ತು. ಬಳೆಯ ಲೆಕ್ಕದಲ್ಲಿ ಹೋದದ್ದೂ ಬಂದದ್ದೂ ಸರಿಸಮ. ಗ್ಲ್ಯಾಂಡಿನ ಅರ್ತ್ ವೈರನ್ನು ಅದೇ ಬಳೆಯೊಳಗಿಂದ ಹಿಂದಕ್ಕೆ ತಂದು ಅರ್ತ್ ಬಾರಿಗೆ ಕಟ್ಟಿದೆವು, ಅಷ್ಟೇ.

• ಸ್ಟಾರ್-ಡೆಲ್ಟಾದಲ್ಲಿ ಬಳೆ ಸ್ಟಾರ್ಟರಿಗೆ ಬರುವ ಮೂರು ತಂತಿಗೆ ಇರಲಿ, ಹೊರಡುವ ಆರರಲ್ಲಿ ಮೂರಕ್ಕಲ್ಲ.

• ಟ್ರಿಪ್ ಸಿಗ್ನಲ್ ಯಾರ ಕಿವಿಗೆ ಬೀಳುತ್ತದೆ? ಕಾಂಟ್ಯಾಕ್ಟರಿಗಾದರೆ ಹುಷಾರು. ಅದು ಮುರಿಯಬಲ್ಲದ್ದು ತನ್ನ ಎಸಿ-3 ರೇಟಿಂಗಿನ ಎಂಟು ಪಟ್ಟು ಮಾತ್ರ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇದ್ದು ಅರ್ತಿಂಗ್ ಗಟ್ಟಿಯಾಗಿದ್ದರೆ ಫಾಲ್ಟ್ ಕರೆಂಟ್ ಸಾವಿರಗಟ್ಟಲೆ. ಫ್ಯೂಸ್ ಮೊದಲು ಹಾರುವಷ್ಟು ಡಿಲೇ ಕೊಡಿ, ಇಲ್ಲವೇ ಟ್ರಿಪ್ಪನ್ನು ಬ್ರೇಕರಿನ ಶಂಟ್ ಕಾಯಿಲಿಗೆ ಕೊಡಿ.

• ತೋಟದ ಪಂಪಿನ ಕಥೆಯೇ ಬೇರೆ. ಬೋರ್‌ವೆಲ್ ಪಕ್ಕದ ಅರ್ತ್ ರಾಡಿಗೆ 20 ಓಮ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲಿನ ಅರ್ತಿಗೆ 2 ಓಮ್ ಅಂದುಕೊಳ್ಳಿ. 230 ವೋಲ್ಟಿಗೆ ಮಣ್ಣಿನಲ್ಲಿ ಹರಿಯುವುದು ಹತ್ತು ಚಿಲ್ಲರೆ ಆಂಪಿಯರ್; ಫ್ಯೂಸಿಗೆ ಅದು ಯಾವ ಮೂಲೆಗೆ? ಆದರೆ ಪಂಪಿನ ಪೈಪಿನ ಮೇಲೆ 200 ವೋಲ್ಟ್ ಮೀರಿ ನಿಂತಿರುತ್ತದೆ, ಒದ್ದೆ ಕೈಯಲ್ಲಿ ವಾಲ್ವ್ ತಿರುಗಿಸಲು ಬರುವ ರೈತನಿಗೆ ಕಾದುಕೊಂಡು. ಇಲ್ಲಿ ಮಿಲಿಆಂಪಿಯರ್ ಲೀಕೇಜ್ ರಿಲೇ ಬೇಕೇ ಬೇಕು. 100 ಮಿಲಿಆಂಪಿಯರಿಗೆ ಇಟ್ಟರೆ, ಇನ್ಸುಲೇಶನ್ ನಿಧಾನಕ್ಕೆ ಸೋರಿ ರಾಡಿನ ಮೇಲೆ 2 ವೋಲ್ಟ್ ಏರುವಷ್ಟರಲ್ಲೇ ಕಟ್. ಪದೇ ಪದೇ ಬೀಳುತ್ತೆ ಅಂತ ಅದನ್ನು ಬೈಪಾಸ್ ಮಾಡಿಕೊಡುವವರನ್ನು ಕಂಡಿದ್ದೇನೆ. ಅವರ ಜೊತೆ ನಾನು ಟೀ ಕುಡಿಯುವುದಿಲ್ಲ.

• ರಿಲೇ ಪದೇ ಪದೇ ಬೀಳುತ್ತಿದ್ದರೆ ಸೆಟ್ಟಿಂಗ್ ಏರಿಸಬೇಡಿ, ಮೋಟರ್ ಬಿಚ್ಚಿ 500 ವೋಲ್ಟಿನ ಮೆಗ್ಗರ್ ಹಿಡಿಯಿರಿ. ವಿಎಫ್‌ಡಿ ಇದ್ದರೆ ಅದರ ಫಿಲ್ಟರ್ ಸೋರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

• ಟೆಸ್ಟ್ ಬಟನ್ ಹೇಳುವುದು ರಿಲೇ ಬದುಕಿದೆ ಅಂತ ಮಾತ್ರ. ಬಳೆ, ವೈರಿಂಗ್ ಸರಿಯಿದೆಯೋ ಅದಕ್ಕೆ ಗೊತ್ತಿಲ್ಲ. ನಾನು ಮಾಡುವುದು ಇಷ್ಟು: ಮೋಟರ್ ನಿಲ್ಲಿಸಿ, 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬಿನ ಒಂದೇ ಒಂದು ವೈರನ್ನು ಬಳೆಯೊಳಗೆ ಹಾಯಿಸಿ ಉರಿಸುತ್ತೇನೆ. ಅದು ಎಳೆಯುವುದು 0.43 ಆಂಪಿಯರ್. 0.3ಕ್ಕಿಟ್ಟ ರಿಲೇ ಅಷ್ಟಕ್ಕೇ ಬೀಳಬೇಕು. ಎಲ್ಇಡಿ ಬಲ್ಬ್ ತರಬೇಡಿ ಮಾರಾಯ್ರೇ, ಅದರ ಕರೆಂಟ್ ಎಲ್ಲಿಗೂ ಸಾಲದು.