ಕಟ್ಟಿಕೊಂಡ ಪ್ರಿಂಟ್ ಹೆಡ್: ಎಳೆಯೋದಕ್ಕಿಂತ ನೆನೆಸೋದು ಮೇಲು

ರಜೆ ಮುಗಿಸಿ ಬಂದು ರೂಮಿನ ಇಂಕ್‌ಜೆಟ್ ಪ್ರಿಂಟರ್ ಆನ್ ಮಾಡ್ತೀರಿ. ಅಕ್ಷರಗಳ ನಡುವೆ ಬಿಳಿ ಗೆರೆ, ಗ್ರಾಫಿನಲ್ಲಿ ಹಳದಿ ಬಣ್ಣವೇ ಇಲ್ಲ. ನಾಳೆ ರಿಪೋರ್ಟ್ ಸಬ್ಮಿಷನ್. ಆಗ ಸಾಮಾನ್ಯವಾಗಿ ಎಲ್ಲರೂ ಮಾಡೋ ಕೆಲಸ ಒಂದೇ: ‘ಹೆಡ್ ಕ್ಲೀನಿಂಗ್’ ಒತ್ತೋದು, ಸರಿಹೋಗದಿದ್ದರೆ ಮತ್ತೆ ಒತ್ತೋದು, ಹೀಗೆ ಏಳೆಂಟು ಸಲ. ಕೊನೆಗೆ ಬಿಳಿ ಗೆರೆ ಹಾಗೇ ಉಳಿದಿರುತ್ತೆ, ಟ್ಯಾಂಕಿನ ಶಾಯಿ ಮಾತ್ರ ಇಳಿದಿರುತ್ತೆ. ಯಾಕೆ ಹೀಗಾಗುತ್ತೆ ಅನ್ನೋದಕ್ಕೆ ಉತ್ತರ ನಾವು ಓದಿರೋ ಪಾಠಗಳಲ್ಲೇ ಇದೆ.

ಒಳಗೆ ಏನಾಗಿದೆ?

ಪ್ರಿಂಟ್ ಹೆಡ್ಡಿನ ತಳದಲ್ಲಿ ಸಾಲುಸಾಲಾಗಿ ನೂರಾರು ತೂತುಗಳಿರುತ್ತವೆ. ಇವೇ ನಾಝಲ್‌ಗಳು. ಹೆಚ್ಚಿನವುಗಳ ಅಗಲ 20-30 ಮೈಕ್ರಾನ್ ಆಸುಪಾಸು, ಅಂದರೆ ತಲೆಕೂದಲಿಗಿಂತ ಎಷ್ಟೋ ಸಣ್ಣ. ಒಂದೊಂದು ಹನಿಯೂ ಕೆಲವೇ ಪಿಕೋಲೀಟರ್. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ.

ಹನಿಯನ್ನು ಹೊರದೂಡೋ ವಿಧಾನ ಎರಡು. ಎಚ್‌ಪಿ, ಕ್ಯಾನನ್ ಮನೆಬಳಕೆಯ ಪ್ರಿಂಟರ್‌ಗಳಲ್ಲಿ ಪುಟ್ಟ ಹೀಟರ್ ಶಾಯಿಯನ್ನು ಕ್ಷಣಮಾತ್ರ ಕುದಿಸಿ, ಆ ಗುಳ್ಳೆಯ ಬಲದಿಂದ ಹನಿಯನ್ನು ತಳ್ಳುತ್ತೆ. ಎಪ್ಸನ್‌ನಲ್ಲಿ ಕುದಿಸೋ ಮಾತಿಲ್ಲ. ವೋಲ್ಟೇಜ್ ಕೊಟ್ಟಾಗ ಪೀಝೋ ಪದರ ಬಾಗಿ ಶಾಯಿಯನ್ನು ಒತ್ತುತ್ತೆ.

ಶಾಯಿಯಲ್ಲಿ ಹೆಚ್ಚಿನ ಪಾಲು ನೀರೇ. ಪ್ರಿಂಟರ್ ಸುಮ್ಮನೆ ಕೂತಾಗ ನಾಝಲಿನ ತುದಿಯಿಂದ ನೀರು ಆವಿಯಾಗಿ, ಉಳಿದದ್ದು ಗಟ್ಟಿಯಾಗ್ತಾ ಬಿರಡೆಯ ಹಾಗೆ ಕೂತುಬಿಡುತ್ತೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ನೀರಲ್ಲಿ ಕರಗಿರೋದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತೆ. ಹಾಗಾಗಿ ಅದು ಒಣಗಿದರೆ ಡೈ ಶಾಯಿಗಿಂತ ಹೆಚ್ಚು ಹಟ ಮಾಡುತ್ತೆ. ಎಷ್ಟೋ ಪ್ರಿಂಟರ್‌ಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್. ಅವುಗಳಲ್ಲಿ ಕಪ್ಪು ಮೊದಲು ಕೈಕೊಡೋದಕ್ಕೆ ಇದೂ ಒಂದು ಕಾರಣ.

ಕ್ಲೀನಿಂಗ್ ಬಟನ್ ಯಾಕೆ ಸೋಲುತ್ತೆ?

ಟ್ಯಾಂಕ್ ಪ್ರಿಂಟರಿನ ಕ್ಲೀನಿಂಗ್ ಸೈಕಲ್‌ನಲ್ಲಿ ಹೆಡ್ಡಿನ ಕೆಳಗೆ ರಬ್ಬರ್ ಅಂಚಿನ ಕ್ಯಾಪ್ ಒತ್ತಿಕೊಂಡು, ಪಂಪ್ ಶಾಯಿಯನ್ನು ಹೀರುತ್ತೆ. ಒಂದು ಕ್ಯಾಪಿನಡಿ ಇರೋ ಎಲ್ಲ ನಾಝಲ್‌ಗಳಿಗೂ ಸಿಗೋದು ಒಂದೇ ಒತ್ತಡ. ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ: ಒತ್ತಡ ಅಷ್ಟೇ ಇದ್ದಾಗ ಸಣ್ಣ ಕೊಳವೆಯ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಪಾಲಾಗುತ್ತೆ. ಅಂದರೆ ತೆರೆದಿರೋ ನಾಝಲ್‌ಗಳಿಂದ ಶಾಯಿ ಧಾರಾಳವಾಗಿ ಹೋಗುತ್ತೆ, ಕಟ್ಟಿಕೊಂಡಿರೋದರಿಂದ ಏನೂ ಬರಲ್ಲ. ಹೋದ ಶಾಯಿಯೆಲ್ಲ ಪ್ರಿಂಟರಿನ ತಳದ ವೇಸ್ಟ್ ಇಂಕ್ ಪ್ಯಾಡಿಗೆ ಸೇರುತ್ತೆ. ಎಷ್ಟೋ ಪ್ರಿಂಟರ್‌ಗಳು ಅದರ ಲೆಕ್ಕ ಇಟ್ಟಿರುತ್ತವೆ. ಪ್ಯಾಡ್ ತುಂಬಿತು ಅಂತ ಅನ್ನಿಸಿದರೆ ಕೆಲಸವನ್ನೇ ನಿಲ್ಲಿಸುತ್ತವೆ.

ಬಿರಡೆ ಮೆತ್ತಗಾಗಬೇಕಾದರೆ ಅದರೊಳಕ್ಕೆ ನೀರು ಇಳಿಯಬೇಕು. ಅದು ಡಿಫ್ಯೂಷನ್ ಕೆಲಸ. ಅದಕ್ಕೆ ಬೇಕಾದ ಸಮಯ ದಪ್ಪದ ವರ್ಗಕ್ಕೆ ಅನುಪಾತ: ಬಿರಡೆ ಎರಡರಷ್ಟು ದಪ್ಪವಿದ್ದರೆ ನಾಲ್ಕರಷ್ಟು ಹೊತ್ತು. ತಳ ಹಿಡಿದ ಪಾತ್ರೆಗೆ ಅಮ್ಮ ರಾತ್ರಿಯೇ ನೀರು ಹಾಕಿಟ್ಟು ಬೆಳಿಗ್ಗೆ ತೊಳೀತಾರಲ್ಲ, ಲೆಕ್ಕ ಅದೇ.

ಮೊದಲು ಪರೀಕ್ಷೆ

ಕ್ಲೀನಿಂಗ್‌ಗೂ ಮುಂಚೆ ‘ನಾಝಲ್ ಚೆಕ್’ ಪ್ರಿಂಟ್ ತೆಗೀರಿ. ಒಂದು ಸಲ ಕ್ಲೀನ್ ಮಾಡಿ ಇನ್ನೊಂದು ಚೆಕ್ ತೆಗೆದು, ಎರಡೂ ಹಾಳೆ ಪಕ್ಕಪಕ್ಕ ಇಡಿ. ಗೆರೆ ತಪ್ಪಿರೋ ಜಾಗ ಎರಡರಲ್ಲೂ ಅದೇ ಇದ್ದರೆ ಒಣಗಿದ ಶಾಯಿ ಇರಬಹುದು. ಜಾಗ ಬದಲಾಗ್ತಾ ಇದ್ದರೆ ಗಾಳಿ ಸೇರಿರೋ ಸಾಧ್ಯತೆ ಹೆಚ್ಚು. ಗಾಳಿ ಸೇರಿದ್ದರೆ ಟ್ಯಾಂಕಿನಲ್ಲಿ ಶಾಯಿ ಸಾಕಷ್ಟಿದೆಯಾ ನೋಡಿ, ಪ್ರಿಂಟರ್ ಆಫ್ ಮಾಡಿ ಒಂದು ರಾತ್ರಿ ಬಿಡಿ. ಗುಳ್ಳೆಗಳು ಎಷ್ಟೋ ಸಲ ತಾವೇ ದಾರಿ ಬಿಡುತ್ತವೆ.

ಎರಡು ಮೂರು ಸಲ ಕ್ಲೀನ್ ಮಾಡಿದರೂ ಚೆಕ್ ಹಾಳೆಯಲ್ಲಿ ಸುಧಾರಣೆ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ. ಇನ್ನು ನೆನೆಸಬೇಕು.

ನೆನೆಸುವ ವಿಧಾನ

ಬೇಕಾಗಿರೋದು ಡಿಸ್ಟಿಲ್ಡ್ ವಾಟರ್, ಡ್ರಾಪರ್, ನೂಲು ಬಿಡದ ಬಟ್ಟೆ, ಟಿಶ್ಯೂ. ಬೋರ್‌ವೆಲ್ ನೀರು ಬೇಡ. ಗಡಸು ನೀರು ಬಕೆಟ್ಟಿನ ಮೇಲೆ ಬಿಳಿ ಕಲೆ ಮಾಡೋದನ್ನ ಹಾಸ್ಟೆಲ್ಲಿನಲ್ಲಿ ನೋಡಿರ್ತೀರಿ. ಅದೇ ಲವಣ ನಾಝಲಿನಲ್ಲಿ ಕೂತರೆ ಹೊಸ ತಲೆನೋವು.

*ಕಾರ್ಟ್ರಿಡ್ಜಿನಲ್ಲೇ ಹೆಡ್ ಇದ್ದರೆ* ಕೆಲಸ ಸುಲಭ. ಎಚ್‌ಪಿ, ಕ್ಯಾನನ್‌ನ ಹಲವು ಮಾದರಿಗಳು ಹೀಗೇ ಇವೆ. ಕಾರ್ಟ್ರಿಡ್ಜ್ ಹೊರತೆಗೆದು, ಬಟ್ಟೆಯನ್ನು ಮಡಚಿ ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಲ್ಲಿ ಒದ್ದೆ ಮಾಡಿ, ನಾಝಲ್ ಕೆಳಮುಖವಾಗಿ ಐದು ಹತ್ತು ನಿಮಿಷ ಇಡಿ. ಆಮೇಲೆ ಒಣ ಟಿಶ್ಯೂ ಮೇಲೆ ಮುದ್ರೆ ಒತ್ತಿದ ಹಾಗೆ ಒತ್ತಿ. ಎಲ್ಲ ಬಣ್ಣದ ಪಟ್ಟಿಯೂ ಮೂಡಿದರೆ ದಾರಿ ತೆರೆದಿದೆ ಅಂತ ಅರ್ಥ. ಇಲ್ಲದಿದ್ದರೆ ಇನ್ನೊಮ್ಮೆ ನೆನೆಸಿ. ಉಜ್ಜಬೇಡಿ. ತಾಮ್ರದ ಬಣ್ಣದ ಸಂಪರ್ಕಗಳನ್ನ ಬೆರಳಿಂದ ಮುಟ್ಟಬೇಡಿ. ಒದ್ದೆಯಾದರೆ ಪೂರ್ತಿ ಒಣಗಿದ ಮೇಲೇ ವಾಪಸ್ ಹಾಕಿ.

*ಹೆಡ್ ಪ್ರಿಂಟರಿನಲ್ಲೇ ಕೂತಿದ್ದರೆ*, ಅಂದರೆ ಎಪ್ಸನ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ, ಅದನ್ನ ಬಿಚ್ಚೋಕೆ ಹೋಗಬೇಡಿ. ಸುಮ್ಮನಿರುವಾಗ ಹೆಡ್ ಬಲತುದಿಯಲ್ಲಿ ಲಾಕ್ ಆಗಿರುತ್ತೆ. ಪ್ರಿಂಟ್ ಕೊಟ್ಟು, ಹೆಡ್ ಅಲ್ಲಿಂದ ಸರಿದ ತಕ್ಷಣ ಪ್ಲಗ್ ಕಿತ್ತರೆ ಕೈಯಿಂದ ಮೆಲ್ಲಗೆ ಎಡಕ್ಕೆ ದೂಡಬಹುದು. ಬಲಗಡೆ ರಬ್ಬರ್ ಅಂಚಿನ ಪುಟ್ಟ ಡಬ್ಬಿಯಂಥ ಕ್ಯಾಪ್ ಕಾಣುತ್ತೆ. ಅದಕ್ಕೆ ಡ್ರಾಪರಿನಿಂದ ಹನಿ ಹನಿಯಾಗಿ ಡಿಸ್ಟಿಲ್ಡ್ ನೀರು ಬಿಡಿ, ತುಂಬಿರಬೇಕು, ಹೊರಚೆಲ್ಲಬಾರದು. ಹೆಡ್ಡನ್ನು ಬಲಕ್ಕೆ ಮರಳಿ ತಂದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ಲಗ್ ಹಾಕಿ ಒಂದೇ ಒಂದು ಕ್ಲೀನಿಂಗ್, ಆಮೇಲೆ ಚೆಕ್. ಹೆಡ್ಡಿನ ಹಿಂದೆ ಅಡ್ಡಕ್ಕೆ ಇರೋ ಪಾರದರ್ಶಕ ಪಟ್ಟಿಯನ್ನ ಮಾತ್ರ ಮುಟ್ಟಬೇಡಿ. ಅದು ಎನ್‌ಕೋಡರ್, ಹೆಡ್ ಎಲ್ಲಿದೆ ಅಂತ ಪ್ರಿಂಟರಿಗೆ ಗೊತ್ತಾಗೋದೇ ಅದರಿಂದ. ವಾರಂಟಿ ಇನ್ನೂ ಇದ್ದರೆ ಇದ್ಯಾವುದಕ್ಕೂ ಮುಂಚೆ ಸರ್ವಿಸ್ ಸೆಂಟರಿಗೆ ಕೇಳೋದು ಜಾಣತನ.

ಮಾಡಬಾರದ್ದು

ಸೂಜಿ, ಪಿನ್ ಹತ್ತಿರಕ್ಕೂ ತರಬೇಡಿ. ಸಿರಿಂಜಿನಿಂದ ಜೋರಾಗಿ ಒತ್ತಿದರೆ ಒಳಗಿನ ತೆಳು ಪದರ ಒಡೆಯಬಹುದು. ಸ್ಪಿರಿಟ್ ಹಾಕಿದರೆ ಕೆಲವು ಪಿಗ್ಮೆಂಟ್ ಶಾಯಿಗಳು ಗಂಟುಗಟ್ಟುತ್ತವೆ. ಹೀಟರ್ ಇರೋ ಹೆಡ್ಡಿನಲ್ಲಿ ಶಾಯಿ ಬರದಿದ್ದರೂ ಪುಟದ ಮೇಲೆ ಪುಟ ಪ್ರಿಂಟ್ ಕೊಡಬೇಡಿ. ಹೀಟರನ್ನು ತಣ್ಣಗಿಡೋದೂ ಶಾಯಿಯೇ, ಅದಿಲ್ಲದಿದ್ದರೆ ಸುಟ್ಟುಹೋಗುತ್ತೆ.

ಇವತ್ತೇ ಪ್ರಿಂಟ್ ಬೇಕಿದ್ದರೆ?

ಕಪ್ಪು ಮಾತ್ರ ಹೋಗಿದ್ದರೆ ಪೇಪರ್ ಟೈಪ್‌ನಲ್ಲಿ ಫೋಟೋ ಪೇಪರ್ ಆರಿಸಿ ನೋಡಿ. ಹಲವು ಪ್ರಿಂಟರ್‌ಗಳು ಆಗ ಬಣ್ಣದ ಶಾಯಿಗಳನ್ನ ಬೆರೆಸಿ ಕಪ್ಪು ಮಾಡುತ್ತವೆ. ಆಗಲಿಲ್ಲವಾ, ಪಿಡಿಎಫ್ ತಗೊಂಡು ಜೆರಾಕ್ಸ್ ಅಂಗಡಿಗೆ ಹೋಗಿ. ಸಬ್ಮಿಷನ್ ಹಿಂದಿನ ರಾತ್ರಿಯ ಅವಸರದಲ್ಲೇ ಹೆಡ್ ಹಾಳುಮಾಡಿಕೊಳ್ಳೋದು ಜಾಸ್ತಿ.

ಮುಂದೆ ಹೀಗಾಗದಿರೋಕೆ ಎರಡು ಅಭ್ಯಾಸ ಸಾಕು. ವಾರಕ್ಕೊಮ್ಮೆ ಎಲ್ಲ ಬಣ್ಣ ಬರೋ ಒಂದು ಪುಟ ಪ್ರಿಂಟ್ ಮಾಡಿ. ಆಫ್ ಮಾಡೋವಾಗ ಗೋಡೆಯ ಸ್ವಿಚ್ ಆರಿಸೋ ಮೊದಲು ಪ್ರಿಂಟರಿನ ಬಟನ್ ಒತ್ತಿ, ದೀಪ ಆರೋವರೆಗೆ ಕಾಯಿರಿ. ಹೆಡ್ ತನ್ನ ಕ್ಯಾಪಿನ ಮೇಲೆ ಹೋಗಿ ಕೂರೋದು ಆ ಕೆಲವು ಸೆಕೆಂಡುಗಳಲ್ಲೇ.