ಮನೆ ಕಟ್ಟುವ ಮೊದಲು ಮನೆಯವಳನ್ನು ಕೇಳಿ

ಈ ತಿಂಗಳ ಪಾಠ



"ಆ ಊರಿನ ಬಡವರಿಗೆ ಮನೆ ಕಟ್ಟಿಸಿ ಕೊಟ್ಟರು" ಎಂಬ ಮಾತನ್ನು ನಾವು ಆಗಾಗ ಕೇಳ್ತೇವೆ. ಒಳ್ಳೆಯ ಕೆಲಸವೇ. ಆದರೆ ಐದಾರು ವರ್ಷ ಕಳೆದು ನೋಡಿದರೆ ಕೆಲವು ಮನೆಗಳಲ್ಲಿ ಜನರ ಬದಲು ಸೌದೆ ತುಂಬಿರುತ್ತದೆ, ಹಳೇ ಬಲೆ ತುಂಬಿರುತ್ತದೆ. ಪಕ್ಕದಲ್ಲೇ ಒಂದು ಚಪ್ಪರ ಹಾಕಿಕೊಂಡು ಸಂಸಾರ ನಡೆದಿರುತ್ತದೆ. "ಈ ಜನಕ್ಕೆ ಎಷ್ಟು ಕೊಟ್ಟರೂ ಅಷ್ಟೇ" ಅಂತ ಬೈಯುವವರಿದ್ದಾರೆ. ನಿಜವಾಗಿ ತಪ್ಪಿದ್ದು ಎಲ್ಲಿ? ಮೀನುಗಾರರ ಮತ್ತು ಆದಿವಾಸಿಗಳ ಊರುಗಳಲ್ಲಿ ನಡೆದ ಕೆಲಸದಿಂದ ಇದನ್ನು ಕಲಿಯೋಣ.

1. ಪೂಂತುರದ ಮನೆಗಳು

ಲಾರಿ ಬೇಕರ್ ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿದವರು. ಭಾರತಕ್ಕೆ ಬಂದು, ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾಗಿ, ಹಿಮಾಲಯದ ಪಿಥೋರಾಗಢದಲ್ಲಿ ಸುಮಾರು 16 ವರ್ಷ ಬಡ ಜನರ ನಡುವೆ ಇದ್ದರು. ಅಲ್ಲಿನ ಹಳ್ಳಿಯವರು ಸ್ಥಳದ ಕಲ್ಲು, ಮಣ್ಣು, ಮರದಿಂದಲೇ ಮನೆ ಕಟ್ಟುವುದನ್ನು ನೋಡಿ ಕಲಿತರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗಬೇಕು ಎಂದು ಗಾಂಧೀಜಿ ಹೇಳಿದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು.

1970ರ ದಶಕದಲ್ಲಿ ತಿರುವನಂತಪುರದ ಪಕ್ಕದ ಪೂಂತುರ ಎಂಬ ಮೀನುಗಾರರ ಊರಿಗೆ ಅವರು ಮನೆಗಳ ನಕ್ಷೆ ಮಾಡಿದರು. ಮನೆಗಳನ್ನು ಸಾಲಾಗಿ ನಿಲ್ಲಿಸಲಿಲ್ಲ. ಒಂದಷ್ಟು ಮುಂದೆ, ಒಂದಷ್ಟು ಹಿಂದೆ ಕೂರಿಸಿದರು. ಇದರಿಂದ ಎಲ್ಲ ಮನೆಗೂ ಸಮುದ್ರ ಕಾಣಿಸಿತು, ಗಾಳಿ ಸಿಕ್ಕಿತು. ನಡುವೆ ಉಳಿದ ಅಂಗಳದಲ್ಲಿ ಬಲೆ ಒಣಗಿಸಬಹುದು, ಸೆಕೆಯಲ್ಲಿ ಮಲಗಬಹುದು. ಗೋಡೆಗೆ ಇಟ್ಟಿಗೆಯದೇ ಜಾಲರಿ ಮಾಡಿದ್ದರಿಂದ ಕಿಟಕಿಯ ಖರ್ಚು ಉಳಿಯಿತು.

ಇಲಿಬೋನಿನ ಹಾಗೆ ನಡುವೆ ಟೊಳ್ಳು ಬಿಟ್ಟು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದು ಬೇಕರ್ ಅವರು ಬಳಕೆಗೆ ತಂದ ಇನ್ನೊಂದು ಕ್ರಮ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಇಂಥ ಕೆಲಸ ಮುಂದುವರಿಸಲು 1985ರಲ್ಲಿ ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆ ಹುಟ್ಟಿತು. ಬೇಕರ್ 2007ರಲ್ಲಿ ತೀರಿಕೊಂಡರು.

2. ಸುನಾಮಿ ಕಲಿಸಿದ್ದು

2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಸಹಾಯದ ಹೊಳೆಯೇ ಹರಿಯಿತು. ಅನೇಕ ಸಂಸ್ಥೆಗಳು ಪ್ರಾಮಾಣಿಕವಾಗಿ ದುಡಿದವು. ಆದರೆ ಕೆಲವು ಊರುಗಳಲ್ಲಿ ಬೇಗ ಮುಗಿಸಬೇಕು ಅಂತ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಜಾಗ ಸಪಾಟಾಗಲಿ ಎಂದು ಮರಗಳನ್ನು ಕಡಿದರು. ಒಂದೇ ಅಚ್ಚಿನ ಕಾಂಕ್ರೀಟ್ ಮನೆಗಳು ಸಾಲಾಗಿ ಎದ್ದವು. ಮೀನು ಹಸನು ಮಾಡಲು, ನಾಲ್ಕು ಜನ ಕೂತು ಮಾತಾಡಲು ಹೆಂಗಸರಿಗೆ ಇದ್ದ ನೆರಳು ಹೋಯಿತು. ದಡದಿಂದ ದೂರ ಹೋದವರಿಗೆ ದೋಣಿ, ಬಲೆಯ ಮೇಲೆ ಕಣ್ಣಿಡುವುದು ಕಷ್ಟವಾಯಿತು.

ಒಂದು ಒಳ್ಳೆಯ ಕೆಲಸವೂ ಆಯಿತು. ಹೊಸ ಮನೆಯ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕೆಂದು ಅಲ್ಲಿನ ಸರಕಾರ ನಿಯಮ ಮಾಡಿತು. ಕಾಗದದಲ್ಲಿ ಹೆಸರಿದ್ದರೆ "ಮನೆ ಬಿಟ್ಟು ನಡಿ" ಅನ್ನುವುದು ಯಾರಿಗೂ ಅಷ್ಟು ಸುಲಭವಲ್ಲ.

3. ಕಾಡಿನ ಊರುಗಳಲ್ಲಿ

ಪಾಲಕ್ಕಾಡ್ ಜಿಲ್ಲೆಯ ಅಟ್ಟಪ್ಪಾಡಿಯಲ್ಲಿ ಇರುಳ, ಮುಡುಗ, ಕುರುಂಬ ಜನ ಇದ್ದಾರೆ. ಅಲ್ಲಿ 1990ರ ದಶಕದಲ್ಲಿ ಶುರುವಾದ ಅಭಿವೃದ್ಧಿ ಯೋಜನೆಯಲ್ಲಿ ಹಾಡಿಯ ಜನರದೇ ಊರು ವಿಕಸನ ಸಮಿತಿಗಳನ್ನು ಮಾಡಿದರು. ಗುತ್ತಿಗೆದಾರರ ಬದಲು ಈ ಸಮಿತಿಗಳೇ ಮುಂದೆ ನಿಂತು ಮನೆ ಕಟ್ಟಿಸಿದವು. ಸಾಮಾನು ಎಷ್ಟು ಬಂತು, ಕೂಲಿ ಯಾರಿಗೆ ಹೋಯಿತು ಅಂತ ಕೇಳುವ ಜಾಗ ಊರಲ್ಲೇ ಇತ್ತು.

ಇನ್ನು ಜಾರ್ಖಂಡಿನ ಮಾತು. 2018ರ ಹೊತ್ತಿಗೆ ಅಲ್ಲಿ ಊರೂರಲ್ಲಿ ಶೌಚಾಲಯ ಕಟ್ಟಬೇಕಾಗಿತ್ತು, ಮೇಸ್ತ್ರಿಗಳು ಸಾಲಲಿಲ್ಲ. ಆಗ ನಮ್ಮಂಥದೇ ಸ್ವಸಹಾಯ ಸಂಘಗಳ ಸಾವಿರಾರು ಹೆಂಗಸರು ಗಾರೆ ಕೆಲಸ ಕಲಿತರು. ಜನ ಅವರನ್ನು 'ರಾಣಿ ಮಿಸ್ತ್ರಿ' ಅಂತ ಕರೆದರು. ಕಲ್ಲು ಹೊರುವ ಕೈಗೆ ಕರಣೆ ಬಂದರೆ ಕೂಲಿಯೂ ಏರುತ್ತದೆ, ಮರ್ಯಾದೆಯೂ ಏರುತ್ತದೆ.

4. ನಮ್ಮ ಸಂಘ ಏನು ಮಾಡಬಹುದು?

ಅ) ಯೋಜನೆ ತಿಳಿದುಕೊಳ್ಳಿ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಯಲು ಪ್ರದೇಶದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ ನೆರವು ನಿಗದಿ ಮಾಡಿದೆ. ಕೊರಗ, ಜೇನುಕುರುಬ ಕುಟುಂಬಗಳಿಗೆ 2023ರಲ್ಲಿ ಬಂದ ಪಿಎಂ ಜನಮನ್ ಯೋಜನೆಯಲ್ಲಿ ಇದು 2 ಲಕ್ಷ. ಹಣ ಕಂತುಗಳಲ್ಲಿ ಬ್ಯಾಂಕ್ ಖಾತೆಗೇ ಬರುತ್ತದೆ. ರಾಜ್ಯದ ಬೇರೆ ಯೋಜನೆಗಳನ್ನೂ ಪಂಚಾಯತಿಯಲ್ಲಿ ವಿಚಾರಿಸಿ. ಗ್ರಾಮಸಭೆ ತಪ್ಪಿಸಬೇಡಿ.

ಆ) ಕೈಯಲ್ಲಿ ಇರುವಷ್ಟೇ ಪಂಚಾಂಗ ಹಾಕಿ. ಯೋಜನೆ ಹೇಳುವ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 15 ಅಡಿಗೆ 18 ಅಡಿ. "ಹೇಗೂ ಕಟ್ತೇವಲ್ಲ, ದೊಡ್ಡದೇ ಇರಲಿ" ಅಂತ ಹೊರಟವರ ಮನೆ ಲಿಂಟಲ್ ಮಟ್ಟಕ್ಕೆ ನಿಂತು, ಬಡ್ಡಿ ಮಾತ್ರ ಮೇಲೆ ಏರುತ್ತದೆ. ಮೊದಲು ಒಂದು ಕೋಣೆ, ಅಡುಗೆಮನೆ, ಶೌಚಾಲಯ ಮುಗಿಯಲಿ. ಮುಂದೆ ಬೆಳೆಸಲು ಜಾಗ ಬಿಡಿ. ಸಂಘದ ಸಾಲ ಕೊಡುವಾಗ ತೀರಿಸುವ ಲೆಕ್ಕ ಎಲ್ಲರೂ ಕೂತು ಮಾಡಿ.

ಇ) ಸ್ಥಳದ ಸಾಮಾನು ಬಿಡಬೇಡಿ. ಕರಾವಳಿಯಲ್ಲಿ ಕೆಂಪುಕಲ್ಲು, ಹಂಚು ನಮ್ಮ ಮಳೆಗೆ ಒಗ್ಗಿದವು. ಸಮುದ್ರದ ಮರಳು, ಉಪ್ಪುನೀರನ್ನು ಕಾಂಕ್ರೀಟಿಗೆ ಹಾಕಲೇಬಾರದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಸ್ಲ್ಯಾಬ್ ಒಡೆಯುತ್ತದೆ.

ಈ) ಜಾಗದ ಕಾಗದ ನೋಡಿ. ಸಮುದ್ರ ತೀರದಲ್ಲಿ ಸಿಆರ್‌ಝಡ್ ನಿಯಮ ಇದೆ. ಕಾಡಿನ ಜಾಗದಲ್ಲಿ 2005ರ ಡಿಸೆಂಬರ್ 13ಕ್ಕೆ ಮೊದಲೇ ಇದ್ದ ಆದಿವಾಸಿ ಕುಟುಂಬಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕು ಕೊಡುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಪತ್ರ ಆಗಬೇಕು. ಅರ್ಜಿ ನೋಡುವ ಗ್ರಾಮದ ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ನಿಮ್ಮಲ್ಲಿ ಇದ್ದಾರಾ?

ಉ) ನಕ್ಷೆಗೆ ಮೊದಲು ಮನೆಯವಳ ಮಾತು. ಒಲೆ ಎಲ್ಲಿ? ಹೊಗೆ ಎತ್ತ ಹೋಗಬೇಕು? ಮೀನು, ಬುಟ್ಟಿ, ಬಿದಿರು ಇಡೋದು ಎಲ್ಲಿ? ಹೆಣ್ಣುಮಕ್ಕಳ ಸ್ನಾನಕ್ಕೆ ಮರೆ ಇದೆಯಾ? ನೀರು ಎಷ್ಟು ದೂರ? ಇದು ಪುಕ್ಕಟೆ ಸಲಹೆ. ಕೇಳದಿದ್ದರೆ ಮಾತ್ರ ಮುಂದೆ ದುಬಾರಿ.

ನೆನಪಿಡಿ

ಸ್ವಯಂಸೇವೆ ಅಂದರೆ ಬರೀ ಹಣ ಕೊಡುವುದಲ್ಲ. ವಿಧವೆಯೊಬ್ಬಳ ಮನೆಗೆ ಸಂಘದವರೆಲ್ಲ ಒಂದು ದಿನ ಕಲ್ಲು ಹೊತ್ತರೆ, ಬರೆಯಲು ಬಾರದ ಅಕ್ಕನ ಅರ್ಜಿ ಹಿಡಿದು ಕಚೇರಿಗೆ ಜೊತೆಯಾಗಿ ಹೋದರೆ, ಅದೂ ಸ್ವಯಂಸೇವೆಯೇ. ಆದರೆ ಆ ಮನೆ ಹೇಗಿರಬೇಕು ಎಂದು ಹೇಳುವವಳು ಅವಳೇ ಆಗಿರಲಿ.

ಚರ್ಚೆಗೆ

1. ನಮ್ಮ ವಾರ್ಡಿನಲ್ಲಿ ಅರ್ಧಕ್ಕೆ ನಿಂತ ಮನೆ ಎಷ್ಟಿವೆ? ಯಾಕೆ ನಿಂತವು?
2. ನಮ್ಮಲ್ಲಿ ಎಷ್ಟು ಜನರ ಹೆಸರು ಮನೆಯ ಕಾಗದದಲ್ಲಿದೆ?
3. ಗಾರೆ ಕೆಲಸ ಕಲಿಯಲು ಮನಸ್ಸಿರುವವರು ಯಾರು?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಒಂದು ಕೆಲಸಕ್ಕಾದರೂ ದಿನ ಗೊತ್ತು ಮಾಡಿ. ಮುಂದಿನ ಸಭೆಯಲ್ಲಿ ಅದರಿಂದಲೇ ಶುರು ಮಾಡಿ.