ಬ್ಯಾಟರಿ ಕೈಗಾಡಿ: ಮೋಟಾರನ್ನು ಹದದಲ್ಲಿಡುವುದು ಹೇಗೆ?

ಅಡಿಕೆಗೊನೆ, ಹಟ್ಟಿಗೊಬ್ಬರ ಸಾಗಿಸುವ ಕೈಗಾಡಿಗೆ ಡಿ.ಸಿ. ಮೋಟಾರು ಕೂರಿಸುವುದು ಕಷ್ಟವಲ್ಲ. ನಡುವೆ ಬರೇ ಒಂದು ಸ್ವಿಚ್ಚಿಟ್ಟರೂ ಗಾಡಿ ಓಡುತ್ತದೆ. ಆದರೆ ಪ್ರತಿ ಸಲ ಹೊರಡುವಾಗಲೂ ಸ್ವಿಚ್ಚು, ಬ್ಯಾಟರಿ, ಚೈನು ಮೂರಕ್ಕೂ ಏಟು.

ಕಾರಣ ಇಷ್ಟೆ. ನನ್ನ ಗಾಡಿಯದ್ದು 24 ವೋಲ್ಟಿನ, 250 ವ್ಯಾಟಿನ ಮೋಟಾರು. ತುಂಬಾ ಭಾರವಿದ್ದಾಗ 13-14 ಆಂಪಿಯರ್ ಎಳೆಯುತ್ತದೆ. ತಿರುಗುವ ಮೋಟಾರು ಡೈನಮೋದಂತೆ ಎದುರು ವೋಲ್ಟೇಜು ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತಾಗ ಆ ತಡೆಯೇ ಇಲ್ಲ. ಸುರುಳಿ, ತಂತಿ ಸೇರಿ 0.4 ಓಮ್ ರೋಧ ಅಂತಿಟ್ಟುಕೊಳ್ಳಿ. 24ನ್ನು 0.4ರಿಂದ ಭಾಗಿಸಿದರೆ 60 ಆಂಪಿಯರ್! ಚಕ್ರ ಕೆಸರಲ್ಲಿ ಹೂತರೂ ಇದೇ ಲೆಕ್ಕ.

ಇದನ್ನು ಹದದಲ್ಲಿಡಲು ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು, ಬಿಟಿಎಸ್ 7960 ಡ್ರೈವರ್ ಬಳಸಿದ್ದೇನೆ. ಆರ್ಡುಯಿನೋದ ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಬಾರದು. ಮೋಟಾರನ್ನು ಅದಕ್ಕೆ ನೇರ ಜೋಡಿಸುವ ಮಾತೇ ಇಲ್ಲ. ಡ್ರೈವರ್ ಗೇಟ್‌ವಾಲ್ವ್ ಇದ್ದ ಹಾಗೆ, ಆರ್ಡುಯಿನೋ ಅದನ್ನು ತಿರುಗಿಸುವ ಕೈ.

ಡ್ರೈವರ್ ಸೆಕೆಂಡಿಗೆ ನೂರಾರು ಸಲ ಕರೆಂಟನ್ನು ಹಾಕಿ ತೆಗೆಯುತ್ತದೆ. ಅರ್ಧ ಹೊತ್ತು ಹಾಕಿದರೆ ಮೋಟಾರಿಗೆ ಸರಾಸರಿ 12 ವೋಲ್ಟು. ಆರ್ಡುಯಿನೋದಲ್ಲಿ ಇದಕ್ಕೆ 0ಯಿಂದ 255ರ ತನಕ ಅಂಕೆ. ಸೆಕೆಂಡಿನ ನೂರನೇ ಒಂದು ಭಾಗಕ್ಕೊಮ್ಮೆ ಒಂದೊಂದೇ ಅಂಕೆ ಏರಿಸಿದರೆ ಪೂರ್ಣ ವೇಗಕ್ಕೆ ಎರಡೂವರೆ ಸೆಕೆಂಡು. ಗಾಡಿ ಜಗ್ಗದೆ ಹೊರಡುತ್ತದೆ. ಹಿಂದಕ್ಕೆ ಓಡಿಸುವ ಮುಂಚೆ ಸೊನ್ನೆಗಿಳಿಸಿ, ಚಕ್ರ ನಿಲ್ಲಲಿ.

ಜೋಡಿಸುವಾಗ ಗಮನಿಸಬೇಕಾದ್ದು:

1. ಬ್ಯಾಟರಿ, ಡ್ರೈವರ್, ಆರ್ಡುಯಿನೋ ಮೂರರ ನೆಗೆಟಿವ್ ಒಂದೆಡೆ ಕೂಡಬೇಕು. ಆರ್ಡುಯಿನೋಕ್ಕೆ ವೋಲ್ಟೇಜು ಇಳಿಸಿಯೇ ಕೊಡಿ.

2. ಡ್ರೈವರಿನ ಆಜ್ಞೆಯ ತಂತಿಗಳಿಂದ ನೆಗೆಟಿವ್‌ಗೆ 10 ಕಿಲೋ ಓಮಿನ ರೆಸಿಸ್ಟರ್ ಹಾಕಿ. ಆರ್ಡುಯಿನೋ ಎಚ್ಚರಾಗುವ ಮೊದಲೇ ಗಾಡಿ ತಾನಾಗಿ ಹೊರಡದಿರಲು ಇದು ಬೇಕು.

3. ಬ್ಯಾಟರಿ ಪಾಸಿಟಿವ್‌ನ ಹತ್ತಿರವೇ 20 ಆಂಪಿಯರಿನ ಫ್ಯೂಸು ಇರಲಿ. ಹೂತ ಚಕ್ರಕ್ಕೆ ನಿಧಾನ ಏರಿಸಿಯೂ ರಕ್ಷಣೆಯಿಲ್ಲ. ಮೊದಲು ಕೈಬಿಡಿ, ಆಮೇಲೆ ಗಾಡಿ ಎತ್ತಿ.

4. ಕೈಗೆಟಕುವಲ್ಲಿ ತುರ್ತು ಸ್ವಿಚ್ಚು ಬೇಕು. ಮನೆಯ ಎ.ಸಿ. ಸ್ವಿಚ್ಚು ಬೇಡ, ಡಿ.ಸಿ.ಯ ಕಿಡಿ ಬೇಗ ಆರುವುದಿಲ್ಲ, ಸ್ವಿಚ್ಚೇ ಕರಗೀತು.

5. ಚಾರ್ಜಾಗುವಾಗ ಬ್ಯಾಟರಿ 27 ವೋಲ್ಟು ದಾಟುವುದುಂಟು. ಈ ಡ್ರೈವರಿಗೆ ಅದು ಮಿತಿ. ಚಾರ್ಜರ್ ತೆಗೆದೇ ಓಡಿಸಿ.

ಡ್ರೈವರನ್ನು 43 ಆಂಪಿಯರಿನದೆಂದು ಮಾರುತ್ತಾರೆ. ಸಣ್ಣ ಅಲ್ಯುಮಿನಿಯಂ ತುಂಡಿನ ಮೇಲೆ ಅಷ್ಟು ಕರೆಂಟು ಹೊತ್ತುಕೊಂಡಿರಲು ಅದಕ್ಕಾಗದು. ಮೊದಲು ಚಕ್ರವನ್ನು ನೆಲದಿಂದ ಎತ್ತಿಟ್ಟು ಓಡಿಸಿ ನೋಡಿ. ನಂತರ ಭಾರ ಹೇರಿ ಒಂದು ಏರು ಹತ್ತಿಸಿ, ಸ್ವಿಚ್ಚು ತೆಗೆದು ಆ ತುಂಡಿನ ಹತ್ತಿರ ಕೈ ಹಿಡಿಯಿರಿ. ಬಿಸಿ ಹೊಡೆದರೆ ಫ್ಯಾನು ಕೂರಿಸಿ, ಇಲ್ಲವೇ ಹೊರೆ ಇಳಿಸಿ.